ಮೈಮೇಲೆ ಬಂದ ರಸ

"ಊದು! ಬಾಯಿ ತೆಗೆದು ಊದೇ, ಬೋಸುಡಿ!"

ಮೇಸ್ತ್ರಿ ಯರ್ರಿಸ್ವಾಮಿ ಸಾವಂತ್ರಮ್ಮನ ಬಾಯಿಯ ಹತ್ತಿರ ಮೂಗು ತಂದು, ತಾಗದಷ್ಟು ದೂರದಲ್ಲಿ ನಿಲ್ಲಿಸಿಕೊಂಡಿದ್ದ. ಭಟ್ಟಿಯ ಮುಂದಿನ ಸಿಮೆಂಟು ನೆಲದಲ್ಲಿ ಕಬ್ಬಿಣದ ಶೀಸೆ ಅಡ್ಡ ಬಿದ್ದಿತ್ತು. ಅದರ ಬಾಯಿಂದ ಚೆಲ್ಲಿದ ಪಾದರಸ ಚೂರುಚೂರಾಗಿ ಒಡೆದು, ಜೀವವಿದ್ದ ಹಾಗೆ ಮೂಲೆಮೂಲೆಗೆ ಓಡುತ್ತಿತ್ತು.

ಸಾವಂತ್ರಮ್ಮ ಊದಿದಳು.

"ಹೆಂಡದ ವಾಸ್ನೆ ಇಲ್ಲ. ಹೊಗೆಸೊಪ್ಪು ಅಗಿದು ಮುಚ್ಚೀಯೇನು?"

"ಅಣ್ಣಾ, ನಮ್ಮವ್ವನಾಣೆಗೂ ನಾನು ಅದನ್ನ ಮುಟ್ಟಿದೋಳಲ್ಲ. ಕೈ ನಿಲ್ಲಾಕಿಲ್ಲ ಕಣಣ್ಣಾ. ಗಟ್ಟಿಯಾಗೇ ಹಿಡಿದಿದ್ದೆ, ಹಿಡಿದಂಗೇ ಜಾರ್ತು."

"ಕೈ ನಿಲ್ಲಾಕಿಲ್ಲಂತೆ! ಬೆಳಬೆಳಗ್ಗೆ ಏರಿಸ್ಕಂಡು ಬಂದು ನಾಟ್ಕ ಆಡ್ತೀಯಾ? ಒಂದು ಹನಿ ಉಳೀಬಾರ್ದು. ಬಳಿ. ನಾಲಿಗೇಲಾದ್ರೂ ನೆಕ್ಕಿ ಎತ್ತು."

ಅವಳು ಮಂಡಿಯೂರಿದಳು. ಕೋಳಿಪುಕ್ಕದಿಂದ ಹನಿಗಳನ್ನು ಒತ್ತರಿಸಿ ಅಡಿಕೆ ಹಾಳೆಯ ತುಂಡಿಗೆ ಏರಿಸಬೇಕು. ಕೈ ನೆಟ್ಟಗಿದ್ದವರಿಗೇ ಕಷ್ಟದ ಕೆಲಸ ಅದು. ಅವಳ ಪುಕ್ಕ ನಡುಗಿದಷ್ಟೂ ಹನಿಗಳು ಒಡೆದು ಇನ್ನಷ್ಟು ಸಣ್ಣವಾಗಿ ದೂರ ಸರಿದವು. ಕೆಂಪುಕಲ್ಲು ಕುಟ್ಟುತ್ತಿದ್ದ ಹೆಂಗಸರು ತಲೆ ತಗ್ಗಿಸಿಯೇ ಇದ್ದರು. ಯಾರೂ ಇತ್ತ ನೋಡಲಿಲ್ಲ.

ಮಸಿಕೋಣೆಯ ಬಾಗಿಲಿಂದ ಅವಳ ಮಗಳು ಪುಷ್ಪಾ ಹೊರಬಂದಳು. ಕಣ್ಣಿನ ಬಿಳಿಯೊಂದನ್ನು ಬಿಟ್ಟರೆ ಮುಖವೆಲ್ಲ ಮಸಿ. ಅವ್ವನ ಪಕ್ಕ ಕೂತು ಪುಕ್ಕಕ್ಕೆ ಕೈಹಾಕಿದಳು.

"ನೀ ಏಳವ್ವ. ನಾ ಬಳೀತೀನಿ."

"ಚೆಲ್ಲಿದೋಳೇ ಬಳೀಬೇಕು. ನೀ ಒಳಗೆ ನಡಿ," ಎಂದ ಯರ್ರಿಸ್ವಾಮಿ.

ಹುಡುಗಿ ಏಳಲಿಲ್ಲ. ಅವನು ಕಾಲಿನಿಂದ ಶೀಸೆಯನ್ನು ಅವಳತ್ತ ಉರುಳಿಸಿ, ಥೂ ಎಂದು ಉಗಿದು ಹೋದ. ತಾಯಿ ಮಗಳು ಬಿಸಿಲೇರುವವರೆಗೆ ನೆಲದ ಬಿರುಕುಗಳಲ್ಲಿ ರಸ ಹುಡುಕಿದರು.

ಕೆಂಗಲ್ ಗುಡ್ಡ ನ್ಯಾಮತಿಗೂ ಹೊನ್ನಾಳಿಗೂ ನಡುವೆ, ದೊಡ್ಡ ರಸ್ತೆಗೆ ಕಾಣದ ಹಾಗೆ ಒಳಗೆ ಬಿದ್ದುಕೊಂಡಿದೆ. ಎತ್ತರವೇನೂ ಇಲ್ಲ. ಕಪ್ಪು ಹಾಸುಗಲ್ಲು ಪುಸ್ತಕದ ಹಾಳೆಗಳನ್ನು ನಿಲ್ಲಿಸಿಟ್ಟ ಹಾಗೆ ನೆಟ್ಟಗೆ ನಿಂತ ಗುಡ್ಡ. ಆ ಹಾಳೆಗಳ ಸಂದಿಯಲ್ಲಿ ಬಿಳಿಗಲ್ಲಿನ ಪಟ್ಟೆ. ಬಿಳಿಗಲ್ಲು ಬಿರುಕು ಬಿಟ್ಟ ಕಡೆಯಲ್ಲೆಲ್ಲ, ಗಾಯದಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗೆ ಕೆಂಪುಕಲ್ಲಿನ ಎಳೆ. ಭೂಮಿ ಒಳಗೊಳಗೇ ಕುದಿಯುತ್ತಿದ್ದ ಯಾವುದೋ ಕಾಲದಲ್ಲಿ ಬಿಸಿನೀರು ಬಿರುಕು ಹಿಡಿದು ಮೇಲೆ ಬಂದು, ಆರಿ, ಆ ಬಣ್ಣ ಉಳಿಸಿ ಹೋಯಿತು ಅಂತ ಒಂದು ಸಲ ಗುಡ್ಡ ನೋಡಲು ಬಂದಿದ್ದ ಪ್ಯಾಂಟಿನವನೊಬ್ಬ ಹೇಳಿದ್ದ. ಚೌಡಮ್ಮ ರಕ್ಕಸನನ್ನು ಸಿಗಿದ ಜಾಗ ಅಂತ ಪೂಜಾರಿ ತಿಪ್ಪೇರುದ್ರಸ್ವಾಮಿ ಹೇಳುತ್ತಿದ್ದ. ಹಿಂದೆ ದನ ಕಾಯುವವರು ಆ ಕಲ್ಲನ್ನು ತೇದು ಎತ್ತಿನ ಕೊಂಬಿಗೆ ಬಳಿಯುತ್ತಿದ್ದರಂತೆ. ಒಂದು ಚಳಿಗಾಲ ಯಾರೋ ಕೆಂಪುಕಲ್ಲನ್ನು ಒಲೆಗುಂಡು ಮಾಡಿ ಬೆಂಕಿ ಕಾಯಿಸಲು ಕೂತಾಗ, ಮೇಲೆ ಬೋರಲು ಹಾಕಿದ್ದ ಮಡಕೆಯ ಒಳಮೈಯಲ್ಲಿ ಬೆಳ್ಳಿಯ ಬೆವರು ಕಂಡಿತಂತೆ. ಗುಡ್ಡದ ಕೇಡು ಶುರುವಾದದ್ದು ಆ ಮಡಕೆಯಿಂದ.

ಬಿಳಿಯರ ಕಾಲದಲ್ಲಿ ಒಬ್ಬ ದೊರೆ ಬಾವಿ ತೋಡಿಸಿ, ನೀರುಕ್ಕಿದ ಮೇಲೆ ಬಿಟ್ಟು ಹೋದ. ಎಷ್ಟೋ ವರ್ಷ ಅದು ಪಾರಿವಾಳಗಳ ಮನೆಯಾಗಿತ್ತು. ಆಮೇಲೆ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಮಲ್ಲಿಕಾರ್ಜುನಪ್ಪನ ತಂದೆ ಗುಡ್ಡವನ್ನು ಹಿಡಿದು, ನೀರು ಎತ್ತಿಸಿ, ಜಗಳೂರಿನ ಕಡೆಯ ಮಾದಿಗರ ಹಟ್ಟಿಗಳಿಂದ ಟ್ರ್ಯಾಕ್ಟರಿನಲ್ಲಿ ಜನ ತಂದು ಇಳಿಸಿದ. ಲೈಸೆನ್ಸು ಇರುವುದು ಬಿಳಿಗಲ್ಲಿಗೆ. ಸಾಹೇಬರು ಬಂದಾಗ ರಸ್ತೆ ಪಕ್ಕ ಬಿಳಿಗಲ್ಲಿನ ಗುಡ್ಡೆ ಕಾಣುತ್ತದೆ. ಗುಡ್ಡದ ಹಿಂಬದಿಯ ಭಟ್ಟಿ ಅವರಿಗೆ ಎಂದೂ ಕಂಡದ್ದಿಲ್ಲ. ಅಲ್ಲಿ ಕೆಂಪುಕಲ್ಲನ್ನು ಸುಡುತ್ತಾರೆ. ಹೊಗೆ ಕೊಳವೆಯಲ್ಲಿ ಹಾದು ಮಸಿಕೋಣೆಗೆ ಬಂದು ತಣ್ಣಗಾಗಿ, ಗೋಡೆಗೆ, ಸೂರಿಗೆ, ಕೊಳವೆಯೊಳಗೆ ಮಸಿಯ ಜೊತೆ ರಸವಾಗಿ ಕೂರುತ್ತದೆ. ಅದನ್ನು ಕೆರೆದು, ತೊಳೆದು, ಶೀಸೆಗೆ ತುಂಬುವವರು ಹೆಂಗಸರು. ಸಾವಂತ್ರಮ್ಮ ಮದುವೆಯಾಗಿ ಬಂದ ವಾರವೇ ಆ ಕೋಣೆಗೆ ಕಾಲಿಟ್ಟವಳು. ಗಂಡ ಸುರಂಗದ ಹಲಗೆ ಕುಸಿದು ತೀರಿಹೋದ ಮೇಲೂ ಅಲ್ಲಿಗೇ ಬಂದಳು. ಇರುವ ಶೆಡ್ಡು ಈಗಿನ ಸಾವ್ಕಾರ ಮಲ್ಲಿಕಾರ್ಜುನಪ್ಪನದು. ಕುಡಿಯುವ ನೀರಿನ ನಲ್ಲಿಯೂ ಅವನದೇ.

ಈಗ ಎರಡು ವರ್ಷದಿಂದ ಕೆಂಪೆಳೆ ಸಣ್ಣಗಾಗುತ್ತ ಬಂದಿತ್ತು. ಅಂಗೈ ಅಗಲ ಇದ್ದದ್ದು ಬೆರಳಗಲವಾಯಿತು. ಕೆಲವು ಕಡೆ ದಾರದಷ್ಟಾಗಿ ಕಪ್ಪುಕಲ್ಲಿನಲ್ಲಿ ಮುಚ್ಚಿಹೋಯಿತು. ಹಳೆಯ ಸುಟ್ಟ ಕಲ್ಲನ್ನೇ ಮತ್ತೆ ಸುಡಿಸಿದರು. ಹೊಗೆ ಹೆಚ್ಚಾಯಿತು, ರಸ ಕಡಿಮೆಯಾಯಿತು, ಮೇಸ್ತ್ರಿಯ ಬೈಗಳು ಹೆಚ್ಚಾದವು. ಆ ವರ್ಷವೇ ಭಟ್ಟಿಗೆ ಕಟ್ಟಿಗೆ ಹಾಕುವ ಭೀಮೇಶನ ಹೆಂಡತಿ ನಾಗರತ್ನಳ ಮೈ ಕೆಟ್ಟಿತು.

ನಾಗರತ್ನ ಹಟ್ಟಿಯಲ್ಲೇ ಗಟ್ಟಿಬಾಯಿಯ ಹೆಂಗಸು. ಮೇಸ್ತ್ರಿಗೆ ಎದುರು ನಿಂತು "ನಿಮ್ಮಕ್ಕನ್ನ ಕಳ್ಸು ಮಸಿಕೋಣೆಗೆ" ಅನ್ನುವವಳು. ಅಂಥವಳು ಜನ ಕಂಡರೆ ನಾಚಿ ಬಾಗಿಲ ಹಿಂದೆ ಅವಿತುಕೊಳ್ಳತೊಡಗಿದಳು. ಆಮೇಲೆ ಸುಮ್ಮಸುಮ್ಮನೆ ಕೂಗಾಡುವುದು, ಮಗಳು ಗಂಗೋತ್ರಿಯ ಕೂದಲು ಹಿಡಿದು ಹೊಡೆಯುವುದು, ಮರುಗಳಿಗೆ ಅದೇ ಮಗಳ ಕಾಲು ಹಿಡಿದು ಅಳುವುದು. ಬಾಯಿಂದ ಜೊಲ್ಲು, ಒಸಡಿನಿಂದ ರಕ್ತ. ಕೊನೆಗೆ ನೀರಿನ ಲೋಟ ಬಾಯಿ ಮುಟ್ಟುವುದರೊಳಗೆ ಖಾಲಿಯಾಗುವಷ್ಟು ನಡುಕ.

ಭೀಮೇಶ ಅವಳನ್ನು ಹೊನ್ನಾಳಿಗೆ ಕರೆದುಕೊಂಡು ಹೋದ ದಿನ ಸಾವಂತ್ರಮ್ಮನೂ ಜೊತೆಗೆ ಹೋಗಿದ್ದಳು. ತನ್ನ ಕೈಯನ್ನೂ ತೋರಿಸೋಣ ಅಂತ. ಸಾವ್ಕಾರನೇ ಹೇಳಿದ್ದ ಡಾಕ್ಟರು. ಅವನು ನಾಗರತ್ನಳ ನಾಲಿಗೆಯನ್ನೂ ನೋಡಲಿಲ್ಲ.

"ಎಷ್ಟು ವರ್ಷದಿಂದ ಕುಡೀತಾಳೆ?"

"ಕುಡಿಯಾಕಿಲ್ಲ ಸಾರ್. ರಸದ ಕೆಲ್ಸ ಮಾಡ್ತಾಳೆ," ಎಂದ ಭೀಮೇಶ.

"ಎಲ್ಲಾರೂ ಹಂಗೇ ಹೇಳೋದು. ನಿಮ್ ಜನದಲ್ಲಿ ಹೆಂಗಸ್ರೂ ಹಾಕ್ತಾರೆ ಅಂತ ನಂಗೊತ್ತಿಲ್ವಾ? ನೀನೂ ಕುಡಿತೀಯೇನಮ್ಮ?" ಅಂತ ಸಾವಂತ್ರಮ್ಮನ ಕೈ ನೋಡಿ ಕೇಳಿದ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನಾಗರತ್ನ ಸತ್ತಳು. ಮಣ್ಣು ಮಾಡಿ ಬಂದ ಮಾರನೆಯ ದಿನ ಭೀಮೇಶ ಹಟ್ಟಿಯ ನಡುವೆ ನಿಂತು, "ನಾನಂತೂ ಆ ಭಟ್ಟಿಗೆ ಇನ್ನು ಕಟ್ಟಿಗೆ ಹಾಕಾಕಿಲ್ಲ. ನೀವು ಹಾಕೋದಾದ್ರೆ ನನ್ನನ್ನೂ ಅದ್ರಾಗೆ ಹಾಕಿ ಹಾಕ್ರಿ," ಎಂದ. ಯಾರೂ ಸಭೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಬೆಳಿಗ್ಗೆ ಮೇಸ್ತ್ರಿಯ ಸಿಳ್ಳಿಗೆ ಒಂದು ಬಾಗಿಲೂ ತೆರೆಯಲಿಲ್ಲ ಅಷ್ಟೇ. ಹಟ್ಟಿಗೆ ಹಿರಿಯಳಾದ ದೊಡ್ಡಕ್ಕ ಕೂಡ ಕಲ್ಲು ಕುಟ್ಟುವ ಸುತ್ತಿಗೆಯನ್ನು ಒಲೆಯ ಹಿಂದೆ ಎಸೆದಳು.

ಮಲ್ಲಿಕಾರ್ಜುನಪ್ಪ ಕಾರಿನಲ್ಲಿ ಬಂದ. ಇಳಿಯಲಿಲ್ಲ. ಗಾಜು ಇಳಿಸಿದ.

"ಏನ್ರಪ್ಪಾ, ನಮ್ಮಪ್ಪ ನಿಮ್ಮನ್ನ ತರದೇ ಇದ್ದಿದ್ರೆ ಜಗಳೂರು ಸೀಮೇಲಿ ಎಲುಬಾಗ್ತಿದ್ರಿ. ಒಬ್ಳು ಕುಡುಕಿ ಸತ್ಳು ಅಂತ ನನ್ನ ಭಟ್ಟಿ ಆರಿಸ್ತೀರಾ? ಶೆಡ್ಡು ನಂದು, ನೆಲ ನಂದು. ನೆನಪಿರ್ಲಿ."

"ಅವ್ಳು ಕುಡೀತಿರ್ಲಿಲ್ಲ," ಎಂದ ಭೀಮೇಶ.

"ಮುಚ್ಚೋ ಬಾಯಿ, ಸೂಳೆಮಗ್ನೆ."

ಗಾಜು ಏರಿತು. ಅಂದು ಸಂಜೆಯೇ ನಲ್ಲಿಯ ನೀರು ನಿಂತಿತು. ಹೆಂಗಸರು ಕೊಡ ಹೊತ್ತು ಊರಿನ ಬೋರಿಗೆ ಹೋದರೆ, ಮೊದಲು ಊರವರದು ತುಂಬಲಿ ಅಂತ ನಿಲ್ಲಿಸಿದರು. ಊರವರದು ತುಂಬುವುದರೊಳಗೆ ಕರೆಂಟು ಹೋಯಿತು. ಹಿಟ್ಟು ಮುಗಿದ ಮನೆಗಳಲ್ಲಿ ಬೇಯಿಸಿದ ಹುರುಳಿಯ ಕಟ್ಟು ಕುಡಿದು ಮಲಗಿದರು. ಆದರೂ ಸಿಳ್ಳಿಗೆ ಬಾಗಿಲು ತೆರೆಯಲಿಲ್ಲ.

ಗುಡ್ಡದ ಬುಡದಲ್ಲಿ ಚೌಡಮ್ಮನ ಗುಡಿ. ಮುಂದೆ ಅಡ್ಡಲಾಗಿ ಒಂದು ಸಾಲು ಕಲ್ಲು. ಹಟ್ಟಿಯವರ ಪೂಜೆ ಆ ಕಲ್ಲಿನ ಈಚೆಗೇ. ಸಾವ್ಕಾರ ಜನರನ್ನು ಒಲಿಸಿಕೊಳ್ಳಲೆಂದು ಮಂಗಳವಾರ ಅಮ್ಮನಿಗೆ ಶಾಂತಿ ಇಡಿಸಿದ. ಊಟ ಇದೆ ಎಂಬ ಸುದ್ದಿ ಹಬ್ಬಿ ಹಟ್ಟಿಯೆಲ್ಲ ಬಂತು. ಹಲಗೆ ಬಡಿಯಲು ಭೀಮೇಶ ಒಪ್ಪಲಿಲ್ಲ. ನ್ಯಾಮತಿಯಿಂದ ಬೇರೆ ಜನ ತರಿಸಿದರು. ಹಲಗೆಯ ಸದ್ದು ಏರಿತು, ಲೋಬಾನದ ಹೊಗೆ ಕವಿಯಿತು. ಕಲ್ಲಿನ ಈಚೆ ನಿಂತಿದ್ದ ಸಾವಂತ್ರಮ್ಮನ ಹೊಟ್ಟೆಯಲ್ಲಿ ಹಿಂದಿನ ದಿನದಿಂದ ಏನೂ ಇರಲಿಲ್ಲ. ಮೊದಲು ಕೈ, ಆಮೇಲೆ ಭುಜ, ಆಮೇಲೆ ದವಡೆ. ತಡೆಯಲು ಹೋದಷ್ಟೂ ನಡುಕ ಜೋರಾಯಿತು. ಮುಡಿ ಬಿಚ್ಚಿತು. ಅವಳು ಕಲ್ಲುಗಳ ಮೇಲೆಯೇ ಮಕಾಡೆ ಬಿದ್ದಳು.

ತಿಪ್ಪೇರುದ್ರಸ್ವಾಮಿ ಮಂಗಳಾರತಿ ನಿಲ್ಲಿಸಿ ಅವಳನ್ನು ನೋಡಿದ. ಸಾವ್ಕಾರನನ್ನು ನೋಡಿದ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದ:

"ಅಮ್ಮ! ಅಮ್ಮ ಬಂದ್ಲು! ಅಮ್ಮ ಮೈದುಂಬಿದ್ಲು!"

ದೊಡ್ಡಕ್ಕ ಅಡ್ಡಬಿದ್ದಳು. ಅವಳ ಹಿಂದೆ ಉಳಿದವರೂ.

ಎರಡು ದಿನ ಬಿಟ್ಟು ಸಾವಂತ್ರಮ್ಮನಿಗೆ ತೂಕದ ಶೆಡ್ಡಿಗೆ ಬರಲು ಕರೆ ಬಂತು. ಮಲ್ಲಿಕಾರ್ಜುನಪ್ಪ ಕುರ್ಚಿಯಲ್ಲಿ, ಪೂಜಾರಿ ಸ್ಟೂಲಿನ ಮೇಲೆ. ಅವಳು ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತಳು. ಅವರಿಬ್ಬರಿಗೆ ಸ್ಟೀಲು ಲೋಟದಲ್ಲಿ ಟೀ, ಅವಳಿಗೆ ಪೇಪರ್ ಲೋಟದಲ್ಲಿ. ಯರ್ರಿಸ್ವಾಮಿ ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಎತ್ತಿಕೊಂಡರೆ ಟೀ ತುಳುಕಿ ಸೀರೆಗೆ ಚೆಲ್ಲಿತು.

"ನೋಡು ಸಾವಂತ್ರಿ, ಮೈಮ್ಯಾಲೆ ಬರೋದು ಎಲ್ಲರಿಗೂ ಆಗಾಕಿಲ್ಲ. ಪುಣ್ಯ ಮಾಡಿರ್ಬೇಕು," ಎಂದ ಸಾವ್ಕಾರ.

"ನನ್ನ ಮೈಮ್ಯಾಲೆ ಯಾರೂ ಬಂದಿಲ್ಲ ಸಾವ್ಕಾರ್ರೆ. ಉಂಡಿರ್ಲಿಲ್ಲ. ನಡುಕ ಬಂತು."

"ಬಂತಲ್ಲ. ನಂಗೆ ಅಷ್ಟು ಸಾಕು."

ಪೂಜಾರಿ ಮುಂದೆ ಬಾಗಿದ. "ಬರೋ ಮಂಗಳವಾರ ಎರಡೇ ಮಾತು ಕಣಮ್ಮಾ. ನನ್ನ ಗುಡ್ಡ, ನನ್ನ ಬೆಂಕಿ. ಆರಿಸಿದೋರ ದೀಪ ಆರೋಗ್ತದೆ, ಹತ್ತಿಸ್ರಿ. ಇಷ್ಟು ಅಂದು ಸುಮ್ಮನಾಗು. ಮಿಕ್ಕಿದ್ದು ನಾ ನೋಡ್ಕಂತೀನಿ."

"ನಾಗರತ್ನನ್ನ ಮಣ್ಣು ಮಾಡಿ ಇನ್ನೂ ತಿಂಗ್ಳಾಗಿಲ್ಲ ಸ್ವಾಮೇರೇ. ಹೆಂಗೆ ಹೇಳಾಕಾಗ್ತೈತೆ?"

ಸಾವ್ಕಾರ ಟೀ ಮುಗಿಸಿ ಬಾಯಿ ಒರೆಸಿಕೊಂಡ. ದನಿ ಇಳಿಸಿದ.

"ನಿನ್ನ ಮಗ್ಳು ಉಗುಳಿದ್ರೆ ರಕ್ತ ಬರ್ತೈತಂತೆ, ಹೌದಾ?"

ಪುಷ್ಪಾ ರೊಟ್ಟಿ ಕಡಿದರೆ ರೊಟ್ಟಿಗೆ ಕೆಂಪು ಹತ್ತುವುದನ್ನು ತಾನೊಬ್ಬಳೇ ನೋಡಿದ್ದೇನೆ ಅಂತ ಸಾವಂತ್ರಮ್ಮ ಅಂದುಕೊಂಡಿದ್ದಳು.

"ಅವ್ಳನ್ನ ಮಸಿಕೋಣೆಯಿಂದ ಬಿಡಿಸ್ತೀನಿ. ಚನ್ನಗಿರೀಲಿ ನಮ್ಮ ಮಂಡೀಲಿ ಅಡಿಕೆ ಆರ್ಸೋ ಕೆಲ್ಸ ಐತೆ. ಗಾಳಿ, ಬೆಳಕು, ಹೊತ್ತಿಗೆ ಸರಿಯಾಗಿ ಊಟ. ದಾವಣಗೆರೇಲಿ ದೊಡ್ಡ ಡಾಕ್ಟ್ರಿಗೆ ತೋರ್ಸೋದೂ ನಂದೇ. ಚಿಕ್ಕ ವಯಸ್ಸು, ಈಗ್ಲೇ ಬಿಡಿಸಿದ್ರೆ ಉಳ್ಕಂತಾಳೆ. ಬ್ಯಾಡ ಅಂದ್ರೆ ನಿನ್ನಿಷ್ಟ."

ಅವಳು ಪೇಪರ್ ಲೋಟವನ್ನು ಎರಡೂ ಕೈಯಲ್ಲಿ ಅಮುಕಿದಳು. ಅದು ಮುದುರಿ ಹೋಯಿತು.

ಮಂಗಳವಾರ ಅವಳಿಗೆ ಎಣ್ಣೆ ನೀರು ಎರೆಸಿದರು. ಹಸಿರು ಸೀರೆ ಉಡಿಸಿದರು. ಮದುವೆಯಾಗಿ ಬಂದಾಗಿನಿಂದ ದಾಟದ ಕಲ್ಲಿನ ಸಾಲನ್ನು ದಾಟಿಸಿ ಗುಡಿಯ ಜಗಲಿ ಹತ್ತಿಸಿದರು. ಹಲಗೆಗೆ ಪೆಟ್ಟು ಬಿತ್ತು. ನಡುಕವನ್ನು ಅವಳು ಕರೆಯಬೇಕಾಗಿರಲಿಲ್ಲ. ಯಾವಾಗಲೂ ತಡೆದು ಹಿಡಿಯುತ್ತಿದ್ದುದನ್ನು ಬಿಟ್ಟುಕೊಟ್ಟಳು, ಅಷ್ಟೇ. ಕಣ್ಣು ಬಿಟ್ಟಾಗ ಮಲ್ಲಿಕಾರ್ಜುನಪ್ಪ ಅವಳ ಮುಂದೆ ಉದ್ದಂಡ ಮಲಗಿದ್ದ. ಅವನ ಚಾಚಿದ ಬೆರಳುಗಳು ಅವಳ ಪಾದಕ್ಕೆ ಒಂದು ಗೇಣು ಈಚೆಗೇ ನಿಂತಿದ್ದವು.

"ಅಪ್ಪಣೆಯಾಗ್ಲಿ ತಾಯೀ."

ಜನರ ನಡುವೆ ಭೀಮೇಶ ನಿಂತಿದ್ದ. ಪಕ್ಕದಲ್ಲಿ ಗಂಗೋತ್ರಿ. ಅವರ ಹಿಂದೆ ಪುಷ್ಪಾ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನ್ನ ಗುಡ್ಡ," ಎಂದಳು ಸಾವಂತ್ರಮ್ಮ. "ನನ್ನ ಬೆಂಕಿ. ಹತ್ತಿಸ್ರಿ."

ಹಟ್ಟಿ ಎಂಬ ಹಟ್ಟಿ ಉಸಿರು ಬಿಟ್ಟಿತು. "ಅಮ್ಮನೇ ಅಂದ ಮ್ಯಾಲೆ ನಮ್ದೇನೈತೆ," ಅಂತ ದೊಡ್ಡಕ್ಕ ಕಣ್ಣೊರೆಸಿಕೊಂಡಳು. ಅಂದು ಮಧ್ಯಾಹ್ನ ನಲ್ಲಿಗೆ ನೀರು ಬಂತು, ಸಂಜೆಗೆ ಭಟ್ಟಿಗೆ ಬೆಂಕಿ ಬಿತ್ತು, ಪುಷ್ಪಾ ಬಟ್ಟೆಯ ಗಂಟು ಹಿಡಿದು ಸಾವ್ಕಾರನ ಜೀಪು ಹತ್ತಿದಳು.

ನಲ್ಲಿಯ ಹತ್ತಿರ ಭೀಮೇಶ ಸಾವಂತ್ರಮ್ಮನನ್ನು ಅಡ್ಡಗಟ್ಟಿದ.

"ಅಕ್ಕಾ, ಅಮ್ಮ ಹೇಳಿದ್ಲೋ, ನೀ ಹೇಳಿದ್ಯೋ?"

"ಅಮ್ಮನ್ನೇ ಕೇಳು."

"ಅದಕ್ಕೇ ನಿನ್ನ ಕೇಳ್ತಿರೋದು."

"ದಾರಿ ಬಿಡೋ, ಹಾಟ್ಗಳ್ಳ!" ಅಂತ ಚೀರಿದಳು. ಕೊಡ ಎಸೆದಳು. ಅಷ್ಟು ಸಿಟ್ಟು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂತಳು. ಯಾರಾದರೂ ಬಾಗಿಲು ತಟ್ಟಿಯಾರೆಂದು ಮೈ ಬೆವರಿತು. ನಾಗರತ್ನಳೂ ಹೀಗೇ ಕೂರುತ್ತಿದ್ದಳು ಅನ್ನುವುದು ಹೊಳೆದು, ಎದ್ದು ಬಾಗಿಲು ತೆರೆದಿಟ್ಟಳು.

ಚನ್ನಗಿರಿಯಿಂದ ಮಗಳ ಫೋನು ಬರುತ್ತಿತ್ತು. "ಅವ್ವಾ, ಈಗ ರೊಟ್ಟಿ ಕಡಿದ್ರೆ ರಕ್ತ ಬರಾಕಿಲ್ಲ ಕಣವ್ವಾ. ಒಟ್ಟಿಗೆ ಅಡಿಕೆ ಆರ್ಸೋ ಹುಡುಗೀರು ಒಳ್ಳೇರು. ನೀನೂ ಬಂದ್ಬಿಡು." ಆ ಮಾತನ್ನು ಅವಳು ಕೆಲಸದ ಹೊತ್ತಿನಲ್ಲೆಲ್ಲ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿರುತ್ತಿದ್ದಳು. ಒಂದು ಹುಡುಗಿ ಉಳಿದಳು. ಉಳಿದಳಲ್ಲ. ಅಷ್ಟು ಅಂದುಕೊಂಡರೆ ಮಂಗಳವಾರ ದಾಟುತ್ತಿತ್ತು.

ಆದರೆ ಮಂಗಳವಾರ ಮುಗಿಯಲಿಲ್ಲ. ಊರೂರಿಂದ ಜನ ಕಾಯಿ ಹಿಡಿದು ಬರತೊಡಗಿದರು. ಜಗಲಿಯ ಮೇಲಿರುವವರೆಗೆ ಅವಳು ತಾಯಿ. ಇಳಿದ ಮೇಲೆ ಬೊಗಸೆಯೊಡ್ಡಿದರೆ ಪೂಜಾರಿ ಮೇಲಿಂದ ನೀರು ಹೊಯ್ಯುತ್ತಿದ್ದ. ಅವಳು ಕೂತ ಜಾಗಕ್ಕೆ ಗಂಜಲ ಚಿಮುಕಿಸುತ್ತಿದ್ದ. ಉಳಿದ ಆರು ದಿನವೂ ಅವಳು ಮಸಿಕೋಣೆಯಲ್ಲೇ. ದಿನದಿನಕ್ಕೆ ಎಳೆ ಸಣ್ಣಗಾಗುತ್ತಿತ್ತು. ದೊಡ್ಡವರ ಕೈ ಹೋಗದ ಕೊಳವೆಗಳಲ್ಲಿ ಕೂತ ರಸವನ್ನೂ ಬಿಡಬಾರದೆಂದು ಸಾವ್ಕಾರ ನಿಶ್ಚಯಿಸಿದ. ಪೂಜಾರಿ ಹೊಸ ಮಾತು ತಂದ: ಅಮ್ಮನಿಗೆ ಕನ್ಯೆಯರ ಸೇವೆ ಬೇಕಂತೆ.

"ಅದೊಂದು ಬ್ಯಾಡ ಸ್ವಾಮೇರೇ. ಸಣ್ಣ ಹುಡುಗೀರು."

"ನಿನ್ನ ಮಗ್ಳು ಚನ್ನಗಿರೀಲಿ ಆರಾಮೈತಲ್ಲ?" ಎಂದ ತಿಪ್ಪೇರುದ್ರಸ್ವಾಮಿ ವಿಭೂತಿ ಉಂಡೆಯನ್ನು ತಿರುಗಿಸುತ್ತ. "ಇರ್ಲಿ ಬಿಡು, ಆರಾಮಿರ್ಲಿ."

ಮಂಗಳವಾರ ಜಗಲಿಯ ಮೇಲೆ ಅವಳು ಅದನ್ನೂ ಹೇಳಿದಳು. ಮರುದಿನ ಪುಷ್ಪಾಳ ಜಾಗಕ್ಕೆ ಗಂಗೋತ್ರಿ ಬಂದಳು. ಭೀಮೇಶ ಬೇಡವೆಂದು ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಅಮ್ಮನ ಮಾತು ಮೀರಿದರೆ ಹಟ್ಟಿಗೇ ಕೇಡು ಅಂತ ದೊಡ್ಡಕ್ಕನೇ ಹುಡುಗಿಯ ಕೈ ಹಿಡಿದು ತಂದು ಬಿಟ್ಟಳು. ಗಂಗೋತ್ರಿ ಮಾತು ಕಡಿಮೆಯ ಹುಡುಗಿ. ಕೊಳವೆಯೊಳಗೆ ಭುಜದವರೆಗೆ ಕೈ ತೂರಿಸಿ, ಕೆನ್ನೆಯನ್ನು ಕೊಳವೆಗೆ ಒತ್ತಿ, ಕಣ್ಣು ಮುಚ್ಚಿ ಕೆರೆಯುವಳು. ಸಾವಂತ್ರಮ್ಮ ಒದ್ದೆ ಬಟ್ಟೆಯನ್ನು ಅವಳ ಮೂಗಿಗೆ ಕಟ್ಟಿಕೊಟ್ಟಳು. ಅವಳಿಂದ ಆದದ್ದು ಅಷ್ಟೇ. ಮಳೆ ಮುಗಿಯುವ ಹೊತ್ತಿಗೆ ಹುಡುಗಿಯ ಕೈಯಿಂದ ಕೆರೆಯುವ ಕಡ್ಡಿ ಜಾರಿ ಬೀಳತೊಡಗಿತು.

ಆ ಮಂಗಳವಾರ ಜನ ಎಂದಿಗಿಂತ ಹೆಚ್ಚಿತ್ತು. ಅಮ್ಮನ ದಿನವೆಂದು ಪೂಜೆ ಮುಗಿಯುವವರೆಗೆ ಭಟ್ಟಿ ಹೊತ್ತಿಸುವಂತಿರಲಿಲ್ಲ. ಹಟ್ಟಿಯ ಹೆಂಗಸರು ಪೂಜೆ ಮುಗಿಸಿಯೇ ಕಟ್ಟಿಗೆ ಒಟ್ಟಲು ಹೋಗುವವರು. ಸಾವ್ಕಾರ ಎಂದಿನಂತೆ ಒಂದು ಗೇಣು ದೂರದಲ್ಲಿ ಅಡ್ಡಬಿದ್ದು ಎದ್ದ. ಆಮೇಲೆ ಕಲ್ಲಿನ ಸಾಲಿನ ಈಚೆಯಿಂದ ಗಂಗೋತ್ರಿ ಎದ್ದು ನಿಂತಳು. ಯಾರೂ ಅವಳನ್ನು ಕೇಳು ಅಂದಿರಲಿಲ್ಲ.

"ಅಮ್ಮಾ, ನನ್ನ ಕೈ ಯಾಕೆ ನಡುಗ್ತಾವೆ? ನಿನ್ನ ಕೈಯಂಗೇ ನಡುಗ್ತಾವೆ ನೋಡು. ನಮ್ಮವ್ವಂಗೂ ಹಿಂಗೇ ಆಗ್ತಿತ್ತು."

ಎರಡೂ ಕೈ ಮುಂದೆ ಚಾಚಿದ್ದಳು. ಬೆರಳ ತುದಿಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಆಡುತ್ತಿದ್ದವು.

ತಿಪ್ಪೇರುದ್ರಸ್ವಾಮಿ ಬಾಯ್ತುಂಬ ನಕ್ಕ. "ಪುಣ್ಯವಂತೆ! ಅಮ್ಮ ನಿಂಗೂ ಒಲೀತವ್ಳೆ ಕಣೇ! ನೋಡ್ರಪ್ಪಾ, ಸೇವೆ ಮಾಡಿದ್ದಕ್ಕೆ ಫಲ!"

ದೊಡ್ಡಕ್ಕ ಗಂಗೋತ್ರಿಯ ಪಾದ ಮುಟ್ಟಲು ಬಾಗಿದಳು. ಇನ್ನೊಬ್ಬ ಹೆಂಗಸು ತನ್ನ ಮಗಳನ್ನು ಮುಂದೆ ನೂಕಿ, "ಇವ್ಳಿಗೂ ಬೆರಳು ಅದುರ್ತಾವೆ ಸ್ವಾಮೇರೇ, ಇವ್ಳನ್ನೂ ನೋಡ್ರಿ," ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು.

ಸಾವಂತ್ರಮ್ಮ ಜಗಲಿಯ ಮೇಲೆ ಎದ್ದು ನಿಂತಳು.

"ಅಮ್ಮ ಅಲ್ಲ ಕಣ್ರೇ ಅದು. ರಸ. ನನ್ನ ಮೈಮ್ಯಾಲೂ ಯಾವ ಅಮ್ಮನೂ ಬಂದಿಲ್ಲ. ಭಟ್ಟಿ ಹೊಗೆ ಬಂದು ಕುಂತೈತೆ. ನಾ ಹೇಳಿದ್ದೆಲ್ಲ ಸುಳ್ಳು. ಈ ಬಾಡ್ಕಾವುಗಳು ಹೇಳಿಸಿದ್ದು. ನನ್ನ ಮಗ್ಳನ್ನ ಉಳಿಸ್ಕಳಾಕೆ ನಿಮ್ಮ ಮಕ್ಕಳ್ನ ಒಳಗೆ ನೂಕಿದೆ."

ಒಂದು ಗಳಿಗೆ ಹಲಗೆಯೂ ನಿಂತಿತು. ಪೂಜಾರಿ ಹೆದರಿದ್ದು ಆ ಒಂದು ಗಳಿಗೆ ಮಾತ್ರ.

"ಅಮ್ಮ ಮುನಿದ್ಲು! ಅಮ್ಮ ಮಕ್ಕಳ್ನ ಪರೀಕ್ಷೆ ಮಾಡ್ತವ್ಳೆ! ಬಡೀರೋ ಹಲಗೆ! ಬೇವಿನಸೊಪ್ಪು ತರ್ರಿ!"

ಹಲಗೆಗೆ ಮತ್ತೆ ಪೆಟ್ಟು ಬಿತ್ತು. "ತಪ್ಪಾಯ್ತು ತಾಯೀ, ತಪ್ಪಾಯ್ತು" ಅಂತ ಜನ ಕೆನ್ನೆ ಬಡಿದುಕೊಂಡರು. ಅವಳು ಕೂಗಿದಷ್ಟೂ ಅಮ್ಮನ ಕೋಪ ದೊಡ್ಡದಾಯಿತು. ಅವಳು ಅತ್ತರೆ ಅಮ್ಮ ಅತ್ತಳು. ಬೈದರೆ ಅಮ್ಮ ಬೈದಳು. ಇನ್ನು ಬಾಯಿಂದ ಏನು ಬಂದರೂ ಅದು ತನ್ನದಾಗಿ ಉಳಿಯುವುದಿಲ್ಲ ಅನ್ನುವುದು ಸಾವಂತ್ರಮ್ಮನಿಗೆ ತಿಳಿಯಿತು.

ಅವಳು ಬಾಯಿ ಮುಚ್ಚಿದಳು. ಜಗಲಿ ಇಳಿದು, ಕಲ್ಲಿನ ಸಾಲು ದಾಟಿ, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಗುಡ್ಡದ ಹಿಂಬದಿಗೆ ನಡೆದಳು. ಜನ ಹಿಂದೆಯೇ ಬಂದರು. ಅಮ್ಮ ಭಟ್ಟಿಗೆ ಪೂಜೆ ಮಾಡಲು ಹೊರಟಳೆಂದು ಹಲಗೆಯವರೂ ಬಡಿಯುತ್ತ ಬಂದರು. ಭಟ್ಟಿಯ ಬಾಯಿ ತೆರೆದಿತ್ತು. ತಣ್ಣಗಿತ್ತು. ಅವಳು ಹಸಿರು ಸೀರೆಯನ್ನು ಎತ್ತಿ ಕಟ್ಟಿ, ಬಗ್ಗಿ, ಅಂಬೆಗಾಲಿನಲ್ಲಿ ಒಳಗೆ ಹೋಗಿ, ಕೆಂಪುಕಲ್ಲು ಸುರಿಯುವ ಜಾಗದಲ್ಲಿ ಕಾಲು ಮಡಚಿ ಕೂತಳು.

"ಹತ್ತಿಸ್ರಿ ಈಗ," ಎಂದಳು.

ಹಲಗೆ ನಿಂತಿತು.

"ಏಯ್, ಎಳೀರೋ ಅವ್ಳನ್ನ!" ಮಲ್ಲಿಕಾರ್ಜುನಪ್ಪ ಏದುಸಿರು ಬಿಡುತ್ತ ಬಂದ. ಯರ್ರಿಸ್ವಾಮಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟ.

"ಸಾವ್ಕಾರ್ರೆ, ಅಮ್ಮ..."

"ಎಂಥಾ ಅಮ್ಮನೋ, ನಿಮ್ಮಮ್ಮನ್! ಮಾದಿಗ್ತಿ ಕಣೋ ಅವ್ಳು!"

ಆ ಮಾತು ಎಲ್ಲರ ಕಿವಿಗೂ ಬಿತ್ತು. ದೊಡ್ಡಕ್ಕ ಜೋಡಿಸಿದ್ದ ಕೈ ಬಿಚ್ಚಿದಳು. ಭೀಮೇಶ ಗುಂಪಿನಿಂದ ಮುಂದೆ ಬಂದ.

"ಹಂಗಾದ್ರೆ ನೀವೇ ಎಳೀರಿ ಸಾವ್ಕಾರ್ರೆ. ಬೆಳಗ್ಗೆ ಕಾಲಿಗೆ ಬಿದ್ರಲ್ಲ, ಈಗ ಕಾಲು ಹಿಡಿದು ಎಳೀರಿ."

ಮಲ್ಲಿಕಾರ್ಜುನಪ್ಪನ ಕೈ ಮುಂದೆ ಬಂತು. ಗಾಳಿಯಲ್ಲೇ ನಿಂತಿತು. ಹಿಂದೆ ಹೋಯಿತು. ಭೀಮೇಶ ಕೆಳಗೆ ಬಿದ್ದಿದ್ದ ಕಟ್ಟಿಗೆಯ ಹೊರೆಯನ್ನು ಕಾಲಿನಿಂದ ಒದ್ದು, ಅಲ್ಲೇ ನೆಲದ ಮೇಲೆ ಕೂತ. ಗಂಗೋತ್ರಿ ಅಪ್ಪನ ಪಕ್ಕ ಕೂತಳು. ಒಬ್ಬೊಬ್ಬರಾಗಿ ಹಟ್ಟಿಯ ಹೆಂಗಸರು ಕೂತರು. ಕೆಲವರು ಕೂರಲಿಲ್ಲ. ದೂರದಲ್ಲಿ ನಿಂತು, ಅಮ್ಮನೋ ಅಲ್ಲವೋ ಅಂತ ಪಿಸುಗುಡುತ್ತಿದ್ದರು.

ಸಾವ್ಕಾರ ಆಚೆ ಹೋಗಿ ಫೋನು ಹಚ್ಚಿದ. ಅವನ ಮಾತು ಭಟ್ಟಿಯೊಳಕ್ಕೆ ಸ್ಪಷ್ಟವಾಗಿ ಕೇಳಿಸಿತು. "ಮಂಡೀಲಿ ಆ ಹುಡುಗಿ ಐತಲ್ಲ, ಪುಷ್ಪಾ. ಜೀಪಿಗೆ ಹಾಕ್ಕಂಡು ಬಾ. ಈಗ್ಲೇ."

ಸಾವಂತ್ರಮ್ಮ ಏಳಬೇಕೆಂದುಕೊಂಡಳು. ಏಳಲಿಲ್ಲ. ಚನ್ನಗಿರಿಯಿಂದ ಇಲ್ಲಿಯವರೆಗಿನ ದಾರಿಯನ್ನು ಮನಸ್ಸಿನಲ್ಲೇ ನಡೆದಳು. ಸೂರಿನಿಂದ ಮಸಿ ಉದುರಿ ತಲೆಯ ಮೇಲೆ ಬಿತ್ತು. ಒಳಗೋಡೆಯಲ್ಲಿ ನಿನ್ನೆಯ ಬೆಂಕಿಯ ಕಾವು ಇನ್ನೂ ಸ್ವಲ್ಪ ಉಳಿದಿತ್ತು. ಹೊರಗೆ ಯಾರೋ ನೀರು ತಂದು ಭಟ್ಟಿಯ ಬಾಯಿಯ ಹತ್ತಿರ ಇಟ್ಟು ಹೋದರು. ಯಾರೆಂದು ನೋಡುವಷ್ಟರಲ್ಲಿ ಹಿಂದೆ ಸರಿದಿದ್ದರು.

ಹೊತ್ತು ಇಳಿಯುವಾಗ ಜೀಪು ಬಂತು. ಪುಷ್ಪಾ ಇಳಿದಳು. ಮೈ ತುಂಬಿಕೊಂಡಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಮಲ್ಲಿಕಾರ್ಜುನಪ್ಪ ಅವಳಿಗೆ ಭಟ್ಟಿಯನ್ನು ತೋರಿಸಿದ.

"ನಿಮ್ಮವ್ವನ್ನ ಹೊರಗೆ ಕರ್ಕಂಡು ಬಾ. ಬಂದ್ರೆ ಇದೇ ಜೀಪಲ್ಲಿ ವಾಪಸ್ ಹೋಗ್ತೀಯ. ಇಲ್ಲಾಂದ್ರೆ ನಾಳೆಯಿಂದ ನೀನು ಮಸಿಕೋಣೆಗೆ. ಕೊಳವೆಗೆ."

"ಹೋಗೇ!" ಒಳಗಿಂದ ಸಾವಂತ್ರಮ್ಮ ಕೂಗಿದಳು. ಗುಡಿಯ ಜಗಲಿಯ ದನಿಯಾಗಿರಲಿಲ್ಲ ಅದು, ಹಿತ್ತಲಿಂದ ಮಗಳನ್ನು ಕರೆಯುವ ದನಿ. "ಓಡಿ ಹೋಗೇ ಪುಷ್ಪಿ. ನಿಮ್ಮಜ್ಜಿ ಊರಿಗೆ ಹೋಗು. ಇತ್ಲಾಗೆ ಬರಬ್ಯಾಡ."

ಪುಷ್ಪಾ ಕೂತ ಹೆಂಗಸರನ್ನು ನೋಡಿದಳು. ಗಂಗೋತ್ರಿ ಮಡಿಲಲ್ಲಿ ಒಂದರ ಮೇಲೊಂದು ಒತ್ತಿ ಹಿಡಿದಿದ್ದ ಕೈಗಳನ್ನು ನೋಡಿದಳು. ಆಮೇಲೆ ಅವರ ನಡುವೆ ದಾರಿ ಮಾಡಿಕೊಂಡು ನಡೆದು ಬಂದು, ಭಟ್ಟಿಯ ಬಾಯಿಗೆ ಅಡ್ಡವಾಗಿ, ಅವ್ವನಿಗೆ ಬೆನ್ನು ಮಾಡಿ, ಸಾವ್ಕಾರನ ಕಡೆ ಮುಖ ಮಾಡಿ ಕೂತಳು. ಒಳಗಿದ್ದ ಚೂರು ಬೆಳಕೂ ಮುಚ್ಚಿಹೋಯಿತು.

ಸಾವಂತ್ರಮ್ಮನಿಗೆ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಸಣ್ಣಗೆ ನಡುಗುತ್ತಿತ್ತು. ಅಳುತ್ತಿದ್ದಾಳೋ, ಹೆದರಿದ್ದಾಳೋ, ಚನ್ನಗಿರಿಗೆ ಹೋಗುವ ಮೊದಲೇ ರಸ ಒಳಗೆ ಇಳಿದಿತ್ತೋ. ತಿಳಿಯಲು ಕೈ ಚಾಚಿ ಬೆನ್ನ ಮೇಲೆ ಇಟ್ಟಳು. ಅವಳ ಕೈಯೂ ನಡುಗುತ್ತಿತ್ತು. ಯಾವುದು ಯಾರದೆಂದು ಗೊತ್ತಾಗಲಿಲ್ಲ.